ಹುಳುಮನೆಗೆ ಬರೆದ ಪ್ರೋಗ್ರಾಮು

ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ. ನನಗೆ ಮಾತ್ರ ನಾನು ಬರೆದ ಮೊದಲ ಸಾಫ್ಟ್‌ವೇರ್ ನೆನಪಾಗುತ್ತದೆ. ಹೋದ ತಿಂಗಳು ಶಿಡ್ಲಘಟ್ಟಕ್ಕೆ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣ ಮಂಟಪದ ಹಿಂಬದಿ ಯಾರೋ ಬಕೆಟ್‌ನಲ್ಲಿ ಆ ಪುಡಿ ಕಲಸಿ ನೆಲಕ್ಕೆ ಸುರಿಯುತ್ತಿದ್ದರು. ಊಟಕ್ಕೆ ಕಾಯುತ್ತಾ ನಿಂತಿದ್ದ ನಾನು ಇದ್ದಕ್ಕಿದ್ದಂತೆ ಒಬ್ಬಳೇ ನಗತೊಡಗಿದೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಆಚೆ ಕೈಗೆ ವರ್ಗಾಯಿಸಿಕೊಂಡು ಸ್ವಲ್ಪ ಸರಿದು ನಿಂತಳು. ಅವಳಿಗೆ ವಿವರಿಸಲು ಹೋಗಲಿಲ್ಲ. ಇಡೀ ಕತೆ ಹೇಳುವಷ್ಟರಲ್ಲಿ ಎರಡು ಪಂಕ್ತಿ ಎದ್ದುಹೋಗುತ್ತಿದ್ದವು.

ಅದು ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಹೊಸತು. ಹೊಸ ಜಿಲ್ಲೆ ಎಂದಮೇಲೆ ಹೊಸ ಕಚೇರಿಗಳು, ಹೊಸ ಕಚೇರಿಗಳೆಂದಮೇಲೆ ಹೊಸ ಕುರ್ಚಿಗಳು. ಅದರಲ್ಲೊಂದರ ಮೇಲೆ ನನ್ನನ್ನು ಕೂರಿಸಲೇಬೇಕೆಂದು ಅಪ್ಪ ಹಠ ತೊಟ್ಟಿದ್ದರು. ಅಪ್ಪ ಹಳ್ಳಿ ಶಾಲೆಯೊಂದರ ಹೆಡ್‌ಮಾಸ್ಟರು. ಅವರು ತುಂಬಿಸಿ ಕಳಿಸಿದ ಅರ್ಜಿಗೆ ಫಲ ಸಿಕ್ಕಿ, ನನಗೆ ಡೇಟಾ ಎಂಟ್ರಿ ಕೆಲಸದ ಆದೇಶವೂ ಬಂದುಬಿಟ್ಟಿತು. ಅಪ್ಪ ಆ ಕಾಗದವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ನನಗೆ ಜೀವವೇ ಬಾಯಿಗೆ ಬಂದಂತಾಯಿತು.

ಯಾಕೆಂದರೆ ನಾನಾಗಲೇ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ, ಪೈಪು-ನಲ್ಲಿ ಮಾರುವ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು ಕಂಪ್ಯೂಟರ್ ಸೆಂಟರ್ ಶುರು ಮಾಡಿದ್ದೆ. ಹೊರಗೆ ಬೋರ್ಡಿನಲ್ಲಿ ಟೈಪಿಂಗ್, ಝೆರಾಕ್ಸ್, ಲ್ಯಾಮಿನೇಶನ್ ಅಂತ ಬರೆದಿತ್ತು. ಒಳಗೆ ನಡೆಯುತ್ತಿದ್ದ ನಿಜವಾದ ಕೆಲಸ ಬೇರೆ. ಮಾರ್ಕ್ಸ್ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಸಿ ಮುಗಿದ ಮೇಲೆ ನಾನು ಪ್ರೋಗ್ರಾಮ್ ಬರೆಯುತ್ತಿದ್ದೆ, ನನ್ನದೇ ಪ್ರೋಗ್ರಾಮು. ಸಾಫ್ಟ್‌ವೇರ್ ಎಂದರೆ ಒಂದು ಕಂಪನಿ ಸೇರುವುದು, ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಹಾಕಿಕೊಳ್ಳುವುದು ಎಂದಷ್ಟೇ ನಮ್ಮೂರಿಗೆ ಗೊತ್ತಿತ್ತು. ಕಂಪನಿ ಇಲ್ಲದೆ, ಸಾಹೇಬರಿಲ್ಲದೆ, ಯಾರೂ ಕೇಳದೆ ಒಬ್ಬಳೇ ಕೂತು ಬರೆಯುವುದಕ್ಕೆ ಅಲ್ಲಿ ಹೆಸರೇ ಇರಲಿಲ್ಲ. ಮಗಳು ಏನು ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ ಅಮ್ಮ, "ಅದೇನೋ ಒತ್ತುತಾ ಕೂತಿರ್ತಾಳೆ" ಅನ್ನುತ್ತಿದ್ದಳು.

ಕೆಲಸಕ್ಕೆ ಹೋಗಲ್ಲ ಅಂತ ನಾನು ಅತ್ತು ಕರೆದು ರಂಪ ಮಾಡಿದ ದಿನ ಅಪ್ಪ ಕನ್ನಡಕ ತೆಗೆದರು. ಅಪ್ಪ ಕನ್ನಡಕ ತೆಗೆದರೆ ತೀರ್ಪು ಬರುತ್ತದೆ ಎಂದು ಅರ್ಥ.

"ನೋಡಮ್ಮ ಸುಜಾತ, ಸೇರ್ಕೊಳ್ಳಕ್ಕೆ ದಸರಾ ಆದ್ಮೇಲೆ ಬರೋ ಸೋಮವಾರದವರೆಗೂ ಟೈಮ್ ಕೊಟ್ಟವ್ರೆ. ಅಷ್ಟರೊಳಗೆ ನಮ್ಮ ಸಂಬಂಧದೋರಲ್ಲದ ಒಬ್ರು, ಒಬ್ಬೇ ಒಬ್ರು, ನೀನು ಹೋಗಿ ಗೋಗರೀದೇನೆ, ಅವರಾಗ್ ಅವರೇ ಬಂದು 'ಈ ಪ್ರೋಗ್ರಾಮು ನಂಗೆ ಬೇಕು' ಅನ್ಲಿ. ಆಮೇಲೆ ನಾನು ತುಟಿ ಬಿಚ್ಚಲ್ಲ. ಯಾರೂ ಬರ್ಲಿಲ್ವಾ, ಸೋಮವಾರ ಬೆಳಿಗ್ಗೆ ನೀನೂ ನಾನೂ ಚಿಕ್ಕಬಳ್ಳಾಪುರದ ಬಸ್ ಹತ್ತೋದು."

ಇಷ್ಟೇ ತಾನೆ ಎಂದು ನಾನು ತಕ್ಷಣ ಒಪ್ಪಿಕೊಂಡೆ. ಅಪ್ಪನ ಹವ್ಯಾಸ ಏನೆಂಬುದನ್ನು ಆ ಕ್ಷಣ ಮರೆತಿದ್ದೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಅಪ್ಪ ನೆಂಟಸ್ತಿಕೆ ಕೂಡಿಡುತ್ತಿದ್ದರು. ಗುರುತಿಲ್ಲದವರ ಪಕ್ಕ ಬಸ್ಸಿನಲ್ಲಿ ಕೂತರೆ ಚಿಂತಾಮಣಿ ಬರುವಷ್ಟರಲ್ಲಿ ಇಬ್ಬರಿಗೂ ನೆಂಟಳಾಗುವ ಒಬ್ಬಳು ಚಿಕ್ಕಮ್ಮನನ್ನು ಹುಡುಕಿ ತೆಗೆಯುತ್ತಿದ್ದರು. ಜಾತಿ ಧರ್ಮ ಯಾವುದೂ ಅವರಿಗೆ ಅಡ್ಡ ಬರುತ್ತಿರಲಿಲ್ಲ. ನೂಲು ಬಿಚ್ಚುವ ಕಾರ್ಖಾನೆ ಇಟ್ಟಿದ್ದ ಬಾಬಾಜಾನ್ ಸಾಬರು ಅಂಗಡಿಗೆ ಬಂದವರು, ನಾನು ಮಾಡಿದ್ದ ರಸೀದಿ ಚೀಟಿ ಅಚ್ಚು ಹಾಕುವ ಒಂದು ಸಣ್ಣ ಪ್ರೋಗ್ರಾಮು ನೋಡಿ, "ಇದು ನಮಗೂ ಒಂದು ಹಾಕಿಕೊಡಮ್ಮ" ಎಂದರು. ನಾನು ಹಾರಿಕೊಂಡು ಮನೆಗೆ ಬಂದೆ. ಅಪ್ಪ ಅಷ್ಟೇ ತಣ್ಣಗೆ ಹೇಳಿದರು: "ಅವರಪ್ಪ ನಮ್ಮಪ್ಪನ್ನ ಸಾಯೋತನಕ ಅಣ್ಣ ಅಂತ ಕರೀತಿದ್ರು. ನಮ್ಮ ಮನೆಯೋರು ಅವರು. ಲೆಕ್ಕಕ್ಕೆ ಬರಲ್ಲ."

ಹೀಗಿರುವಾಗ ನನ್ನ ಕಣ್ಣು ಬಿದ್ದದ್ದು ಮುನಿರತ್ನಮ್ಮತ್ತೆಯ ಬೀದಿಯ ಮೇಲೆ. ಅತ್ತೆ ಅಪ್ಪನ ಸ್ವಂತ ತಂಗಿ, ಹಾಗಾಗಿ ಅವಳು ಲೆಕ್ಕಕ್ಕಿಲ್ಲ. ಆದರೆ ದಿಬ್ಬೂರಹಳ್ಳಿ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಅವಳ ಹಳ್ಳಿಯಲ್ಲಿ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು, ಮತ್ತು ಹುಳುವಿನ ವಿಷಯದಲ್ಲಿ ಅತ್ತೆ ಹೇಳಿದ್ದೇ ಕೊನೆ ಮಾತು. ಅವಳ ಕೈಯಲ್ಲಿ ಒಂದು ಬೆಳೆ ಕೆಟ್ಟದ್ದನ್ನು ಆ ಬೀದಿ ಕಂಡಿರಲಿಲ್ಲ. ಅತ್ತೆಯ ಹುಳುಮನೆಯಲ್ಲಿ ನನ್ನ ಪ್ರೋಗ್ರಾಮು ಒಂದು ಬೆಳೆ ಓಡಿದರೆ ಸಾಕು, ಬೀದಿಯೇ ತಾನಾಗಿ ನನ್ನ ಮಹಡಿ ಹತ್ತಿ ಬರುತ್ತದೆ, ಅಷ್ಟು ಜನರಲ್ಲಿ ಒಬ್ಬರಾದರೂ ಅಪ್ಪನ ನೆಂಟಸ್ತಿಕೆಯ ಬಲೆಯಿಂದ ತಪ್ಪಿಸಿಕೊಂಡಿರುತ್ತಾರೆ ಎನ್ನುವುದು ನನ್ನ ಹಂಚಿಕೆ.

ಹುಳು ಸಾಕದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಹೋದ ಹುಳು ಒಂದು ದಿನ ತಲೆಯೆತ್ತಿಕೊಂಡು ಅಲುಗಾಡದೆ ನಿಂತುಬಿಡುತ್ತದೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ, ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಎಲ್ಲ ಹುಳುವೂ ಜ್ವರ ಎದ್ದಮೇಲೆ ಹಾಕಬೇಕು. ಅರ್ಧ ಎದ್ದಿರುವಾಗ ಹಾಕಿದರೆ ಎದ್ದವು ತಿಂದು ದಪ್ಪಗಾಗುತ್ತವೆ, ಮಿಕ್ಕವು ಸೊಪ್ಪಿನಡಿ ಸಿಕ್ಕಿ ಸಣ್ಣಗೇ ಉಳಿಯುತ್ತವೆ, ಇಡೀ ಬೆಳೆ ಏರುಪೇರಾಗುತ್ತದೆ. ಇದನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಓದಿದ್ದೆ. ಅದರಲ್ಲಿ ಯಾವ ಜ್ವರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಸೊಪ್ಪು ಎಂದು ಅಚ್ಚುಕಟ್ಟಾದ ಪಟ್ಟಿಯೇ ಇತ್ತು. ಹುಳು ತಂದ ದಿನಾಂಕ ಒತ್ತಿದರೆ ಮುಂದಿನದ್ದೆಲ್ಲ ಮೊಬೈಲೇ ಕೂಗಿ ಹೇಳುವ ಪ್ರೋಗ್ರಾಮು ಮಾಡುವುದಕ್ಕೆ ಇನ್ನೇನು ಬೇಕು?

ಅತ್ತೆಯ ಬಾಯಿಂದಲೂ ಒಂದಿಷ್ಟು ಕೇಳಿಕೊಳ್ಳೋಣ ಅಂತ ಶ್ರಾವಣದ ಒಂದು ಬೆಳಿಗ್ಗೆ ಹೋದೆ. ಹುಳುಮನೆಯ ಬಾಗಿಲಲ್ಲೇ ತಡೆದಳು. ಹುಳು ಇರುವಾಗ ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಹೊರಗಿನವರು ರೋಗ ತರುತ್ತಾರೆ, ಜೊತೆಗೆ ಕಣ್ಣೂ ಹಾಕುತ್ತಾರೆ.

"ಅತ್ತೆ, ನಾನು ಹೊರಗಿನೋಳಾ?"

"ಬಸ್ಸಲ್ಲಿ ಬಂದೋರೆಲ್ಲ ಹೊರಗಿನೋರೇ ಕಣೇ. ಕಿಟಕಿ ಹತ್ರ ನಿಂತ್ಕೊ, ಅಲ್ಲಿಂದ ಕೇಳು."

ಕಿಟಕಿಗೆ ನೊಣ ಬರದಂತೆ ನೈಲಾನ್ ಬಲೆ ಹೊಡೆದಿದ್ದರು. ಆ ಬಲೆಯಾಚೆ ಅತ್ತೆ ಒಂದು ಮಸುಕು ಸೀರೆಯಾಗಿ ಓಡಾಡುತ್ತಿದ್ದಳು. ನನ್ನ ಮೊದಲ ಗಿರಾಕಿಯ ಸಂದರ್ಶನವನ್ನು ನಾನು ಹೀಗೆ ಬೀದಿಯಲ್ಲಿ ನಿಂತು, ಕೊಡೆ ಹಿಡಿದು, ಬಲೆಯೊಳಕ್ಕೆ ಕೂಗುತ್ತಾ ಮಾಡಿದೆ.

"ಹುಳು ಜ್ವರಕ್ಕೆ ಹೋಗೋದು ನಿಂಗೆ ಹೆಂಗೆ ಗೊತ್ತಾಗುತ್ತೆ ಅತ್ತೆ?"

"ಗೊತ್ತಾಗುತ್ತೆ."

"ಅದೇ, ಹೆಂಗೆ?"

"ಹುಳದ ತಟ್ಟೆ ಹತ್ರ ನಿಂತ್ರೆ ಗೊತ್ತಾಗುತ್ತೆ."

"ಎಷ್ಟನೇ ದಿನ?"

"ಹೋದಾಗ."

ಬರೆದುಕೊಳ್ಳಲು ತಂದಿದ್ದ ನೋಟ್‌ಬುಕ್ಕು ಮಳೆಗೆ ನೆನೆಯಿತು, ಒಳಗೆ ಬರೆದದ್ದೇನೂ ಇರಲಿಲ್ಲವಾದ್ದರಿಂದ ನಷ್ಟವಾಗಲಿಲ್ಲ. ಅತ್ತೆಗೆ ಹೇಳಲು ಬರುವುದಿಲ್ಲ, ಪುಸ್ತಕಕ್ಕೆ ಬರುತ್ತದೆ ಎಂದು ತೀರ್ಮಾನಿಸಿ ವಾಪಸ್ಸಾದೆ. ಓದಿದವಳ ಸೊಕ್ಕು, ಮತ್ತೇನಲ್ಲ.

ಆ ಕಾಲದ ಮೊಬೈಲುಗಳಲ್ಲಿ ಪ್ರೋಗ್ರಾಮು ಓಡಿಸುವುದು ದೊಡ್ಡ ಹರಸಾಹಸ. ಚಿಂತಾಮಣಿಯ ಒಂದು ಅಂಗಡಿಯಿಂದ ಜಾವಾ ಭಾಷೆಯ ಪ್ರೋಗ್ರಾಮು ಓಡಿಸಬಲ್ಲ, ಬಣ್ಣದ ಪರದೆಯ ಹಳೆಯ ಫೋನೊಂದನ್ನು ಹುಡುಕಿ ತಂದೆ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಬರೆದಲ್ಲೆಲ್ಲ ಖಾಲಿ ಡಬ್ಬಿಗಳು ಕಾಣಿಸುತ್ತಿದ್ದವು. ಕೊನೆಗೆ 'ಸೊಪ್ಪು ಹಾಕಿ', 'ಜ್ವರ', 'ಸುಣ್ಣ' ಎಂದು ಒಂದೊಂದು ಮಾತನ್ನೂ ಕಂಪ್ಯೂಟರಿನಲ್ಲಿ ಚಿತ್ರವಾಗಿ ಬಿಡಿಸಿ ಫೋನಿಗೆ ತುಂಬಿಸಿದೆ. ಎಚ್ಚರಿಸುವ ಸದ್ದಿಗೆ ಅದರಲ್ಲಿ ಜಾಗ ಸಾಲದೆ, ಇದ್ದುದರಲ್ಲೇ ಪುಟ್ಟದಾದ ಕೋಳಿ ಕೂಗು ಹಾಕಿದೆ. ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು, ಹೋದಾಗಲೆಲ್ಲ ಉಳಿಸಿಟ್ಟುಕೊಳ್ಳದ ಕೆಲಸವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಆದರೂ ಗಣೇಶನ ಹಬ್ಬದ ಹೊತ್ತಿಗೆ ಪ್ರೋಗ್ರಾಮು ತಯಾರಾಯಿತು. ಅತ್ತೆ ಹೊಸ ಹುಳು ತಂದ ದಿನವೇ ಫೋನನ್ನು ಕೊಂಡೊಯ್ದು ದಿನಾಂಕ ಒತ್ತಿ ಬಾಗಿಲಲ್ಲಿ ನಿಂತು ಕೊಟ್ಟೆ.

ಅತ್ತೆ ಫೋನನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಅದನ್ನು ಪೂರ್ತಿ ಮುಳುಗಿಸಿ, ಒಳಗೇ ಎರಡು ಸಲ ಅಲ್ಲಾಡಿಸಿ, ಮೇಲೆತ್ತಿ ಸೆರಗಿನಲ್ಲಿ ಒರೆಸಿದಳು.

ನನ್ನ ಬಾಯಿಂದ ಒಂದು ಶಬ್ದ ಹೊರಟಿತು. ಅದು ಯಾವ ಭಾಷೆಯದ್ದೋ ಇಂದಿಗೂ ಗೊತ್ತಿಲ್ಲ.

"ಯಾಕಮ್ಮ ಹಂಗೆ ಕಿರುಚ್ತೀಯ?" ಅಂದಳು ಅತ್ತೆ. "ಒಳಕ್ಕೆ ಹೋಗೋದೆಲ್ಲ ತೊಳೀಲೇಬೇಕು. ಕೈಯಿ, ಕಾಲು, ತಟ್ಟೆ, ಗೂಡು ಕಟ್ಟಿಸೋ ಚಂದ್ರಿಕೆ, ಎಲ್ಲ ತೊಳೀತೀವಿ. ಇದೇನು ಮೇಲಿಂದ ಇಳಿದು ಬಂದಿದ್ಯಾ? ಚಿಂತಾಮಣಿ ಪೇಟೇಲಿ ಎಷ್ಟು ಜನ ಮುಟ್ಟವ್ರೋ!"

ತಪ್ಪು ಯಾರದ್ದು ಅಂತ ಬಸ್ಸಿನಲ್ಲಿ ಹಿಂದಿರುಗುತ್ತಾ ಯೋಚಿಸಿದೆ. ಹುಳುಮನೆಗೆ ಹೋಗುವ ವಸ್ತು ನೀರಿಗೆ ಬೀಳುತ್ತದೆ ಎಂಬುದು ಆ ಬೀದಿಯ ಮೂರು ವರ್ಷದ ಕೂಸಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಪ್ರೋಗ್ರಾಮು ಬರೆದ ನಾನೊಬ್ಬಳೇ.

ಚಿಂತಾಮಣಿಯ ರಿಪೇರಿಯವನು ಫೋನನ್ನು ಬಿಚ್ಚಿ ಮೂಸಿ ನೋಡಿ, "ಏನಕ್ಕ, ಈಜುಕೊಳಕ್ಕೆ ಬಿದ್ದಿತ್ತಾ?" ಎಂದು ಕೇಳಿದ. ನಾನು ಹೂಂ ಅಂದೆ. ಮೂರು ದಿನ ಒಣಗಿಸಿ ಜೀವ ಬರಿಸಿದ, ಆದರೆ ಸ್ಪೀಕರ್ ಸತ್ತುಹೋಗಿತ್ತು. ಅದರ ಬದಲಿಗೆ ಅವನ ಬಳಿ ಇದ್ದದ್ದು ಚೈನಾ ಸೆಟ್ಟಿನ ಸ್ಪೀಕರ್ ಒಂದೇ. ಆ ಕಾಲದ ಚೈನಾ ಸೆಟ್ಟುಗಳ ಗಂಟಲು ಗೊತ್ತಿದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಅಂಗಡಿಯಲ್ಲಿ ಪರೀಕ್ಷೆಗೆಂದು ಒಂದು ಸಲ ಕೋಳಿ ಕೂಗಿಸಿದಾಗ ಎದುರಿನ ಬೇಕರಿಯವರು ಹೊರಗೆ ಬಂದು ನೋಡಿದರು.

ಈ ಸಲ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ ಕೊಟ್ಟೆ. ಅತ್ತೆ ಕವರನ್ನೂ ಅದ್ದಿದಳು. ಆದರೆ ಅಷ್ಟು ಜೋರಾದ ಸದ್ದು ಹುಳುವಿಗೆ ಆಗಿಬರುವುದಿಲ್ಲ ಎಂದು ಹೇಳಿ ಅದನ್ನು ಕಿಟಕಿಯ ಸರಳಿಗೆ ಹೊರಗಡೆ ನೇತುಹಾಕಿದಳು. ಅಂದಿನಿಂದ ಮುನಿರತ್ನಮ್ಮನ ಕಿಟಕಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೋಳಿ ಕೂಗತೊಡಗಿತು. ಬೀದಿಯ ನಿಜವಾದ ಹುಂಜಗಳು ಮೊದಲೆರಡು ದಿನ ಗೊಂದಲಕ್ಕೆ ಬಿದ್ದು, ಮೂರನೇ ದಿನದಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕೆ ಉತ್ತರ ಕೊಡಲು ಶುರುಮಾಡಿದವು.

ನಾನು ದಿನ ಬಿಟ್ಟು ದಿನ ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ.

"ಸರಿಯಾಗ್ ಕೂಗ್ತಾ ಇದ್ಯಾ ಅತ್ತೆ?"

"ಚೆನ್ನಾಗಿ ಕೂಗ್ತದೆ ಕಣಮ್ಮ. ಪಾಪ, ಒಂದಿನಾನೂ ತಪ್ಪಿಸಿಲ್ಲ."

ನನಗೆ ಎದೆಯುಬ್ಬಿತು. ಅಪ್ಪನಿಗೆ ಕೇಳಲಿ ಎಂದು ಮನೆಯಲ್ಲಿ ಅದನ್ನೇ ಎರಡೆರಡು ಸಲ ಹೇಳಿದೆ. ಅಪ್ಪ ಕ್ಯಾಲೆಂಡರಿನಲ್ಲಿ ದಸರೆಯ ನಂತರದ ಸೋಮವಾರಕ್ಕೆ ಹಾಕಿದ್ದ ಗುರುತನ್ನು ಇನ್ನೊಂದು ಸುತ್ತು ದಪ್ಪ ಮಾಡಿದರು.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಾಗೆ ಹಿಡಿಯುವುದು ಅಪರೂಪ. ಸುರಿದದ್ದು ಹೆಚ್ಚಿಲ್ಲ, ಆದರೆ ನಾಲ್ಕು ದಿನ ಬಿಸಿಲು ಮುಖ ತೋರಿಸಲಿಲ್ಲ. ನಂದಿ ಬೆಟ್ಟದ ಕಡೆಯಿಂದ ಥಂಡಿಗಾಳಿ ಬಂದು ಬಟ್ಟೆಗಳು ಒಣಗದೆ ನಾತ ಹೊಡೆಯತೊಡಗಿದವು. ನಾನು ಅಂಗಡಿಯಲ್ಲಿ ಸ್ವೆಟರ್ ಹಾಕಿಕೊಂಡು ಮಾರ್ಕ್ಸ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅತ್ತೆಯ ಎದುರುಮನೆಯ ಲಕ್ಷ್ಮೀದೇವಮ್ಮ ಬಂದಿದ್ದರು. ಬಾಗೇಪಲ್ಲಿ ಕಡೆಯಿಂದ ಸೊಸೆಯಾಗಿ ಬಂದವರು, ಸಿಟ್ಟು ಬಂದಾಗ ಅವರ ಕನ್ನಡದೊಳಕ್ಕೆ ತೆಲುಗು ನುಗ್ಗುತ್ತಿತ್ತು.

"ಏಮಮ್ಮಾ, ನಿನ್ನ ಕೋಳಿ ನನ್ನ ಮನೆ ಹಾಳು ಮಾಡ್ತಲ್ಲಮ್ಮಾ!"

ಸಮಾಧಾನ ಮಾಡಿ ಕೂರಿಸಿದ ಮೇಲೆ ವಿಷಯ ಒಂದೊಂದಾಗಿ ಹೊರಬಂತು. ಮುನಿರತ್ನಮ್ಮನ ಕಿಟಕಿಯಲ್ಲಿ ಕೋಳಿ ಕೂಗಿತೆಂದರೆ ಮುನಿರತ್ನಮ್ಮ ಸೊಪ್ಪು ಹಾಕುತ್ತಿದ್ದಾಳೆ ಎಂದು ಬೀದಿಯ ಹೆಂಗಸರೆಲ್ಲ ನಂಬಿಕೊಂಡಿದ್ದರು. ಎಲ್ಲರೂ ಹುಳು ತಂದದ್ದು ಒಂದೇ ದಿನ, ಅವಳು ಹಾಕುವಾಗ ತಾವೂ ಹಾಕಿದರೆ ತಪ್ಪಾಗುವುದು ಹೇಗೆ? ಕೋಳಿ ಕೂಗಿದಾಗಲೆಲ್ಲ ಅಷ್ಟೂ ಮನೆಗಳಲ್ಲಿ ಸೊಪ್ಪು ಬಿದ್ದಿತ್ತು. ಒಂದು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ಥಂಡಿ ಬಂತು. ಥಂಡಿಗೆ ಹುಳು ನಿಧಾನವಾಗುತ್ತದೆ, ಜ್ವರದಿಂದ ಏಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅದು ನನ್ನ ಪುಸ್ತಕದ ಪಟ್ಟಿಯಲ್ಲಿರಲಿಲ್ಲ. ಕೋಳಿ ಮಾತ್ರ ಪಟ್ಟಿಯ ಪ್ರಕಾರ, ಕರಾರುವಾಕ್ಕಾಗಿ, ಜ್ವರ ಮುಗಿಯಿತು ಸೊಪ್ಪು ಹಾಕಿ ಎಂದು ಕೂಗಿತು. ಲಕ್ಷ್ಮೀದೇವಮ್ಮನವರ ತಟ್ಟೆಗಳಲ್ಲಿ ಅರ್ಧಕ್ಕರ್ಧ ಹುಳು ಇನ್ನೂ ತಲೆಯೆತ್ತಿ ನಿಂತಿದ್ದವು. ಅವರೂ ಅದನ್ನು ಕಂಡಿದ್ದರು. "ಆದ್ರೂ ಮುನಿರತ್ನಕ್ಕನ ಕೋಳಿ ಸುಳ್ಳು ಹೇಳ್ತದಾ ಅಂತ ಹಾಕ್ಬಿಟ್ನಮ್ಮ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈಗ ಒಂದೇ ತಟ್ಟೆಯಲ್ಲಿ ಬೆರಳುದ್ದದ ಹುಳುವೂ ಉಗುರುದ್ದದ ಹುಳುವೂ ಸೇರಿಕೊಂಡಿದ್ದವು.

ನಾನು ಅವರೊಟ್ಟಿಗೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ನನ್ನ ಪಕ್ಕದಲ್ಲಿ ಕೂರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಅತ್ತೆಯನ್ನು ಕೂಗಿದೆ. "ಅತ್ತೆ, ನಿನ್ನ ಹುಳಾನೂ ಏರುಪೇರಾಯ್ತಾ?"

"ನಂದ್ಯಾಕೆ ಆಗುತ್ತೆ?"

"ಕೋಳಿ ಕೂಗಿದಾಗ ಸೊಪ್ಪು ಹಾಕ್ಲಿಲ್ವಾ?"

"ಅದು ಕೂಗುತ್ತೆ ಅಂತ ನಾನು ಹಾಕ್ಲಾ? ಹುಳ ನೋಡ್ದೆ, ಎದ್ದಿರ್ಲಿಲ್ಲ, ಸುಮ್ನಾದೆ." ಬಲೆಯ ಹತ್ತಿರ ಬಂದು ದನಿ ತಗ್ಗಿಸಿದಳು. "ನೀನು ಆಸೆಪಟ್ಟು ಮಾಡಿದ್ದೀಯ ಅಂತ ಇಟ್ಕೊಂಡಿದೀನಿ ಕಣೇ. ಅದರ ಪಾಡಿಗೆ ಅದು ಕೂಗ್ಲಿ, ನನ್ನ ಪಾಡಿಗೆ ನಾನು ಮಾಡ್ತೀನಿ ಅಂತ."

ಮೊದಲ ದಿನದಿಂದಲೂ ಹೀಗೇ ನಡೆದಿತ್ತು. ಯಾರಿಗಾಗಿ ಬರೆದೆನೋ ಅವಳು ಒಂದು ಸಲವೂ ಅದರ ಮಾತು ಕೇಳಿರಲಿಲ್ಲ. ಯಾರಿಗೆ ಬರೆದಿರಲಿಲ್ಲವೋ ಆ ಬೀದಿಯೆಲ್ಲ ಕೇಳಿತ್ತು. ಬೀದಿಯಲ್ಲಿ ನಿಂತೇ ಅತ್ತುಬಿಟ್ಟೆ. ನನಗೆ ಕೆಲಸದ ಚಿಂತೆ ಆಗ ಮರೆತೇಹೋಗಿತ್ತು. ಒಬ್ಬ ಹೆಂಗಸು ತನ್ನ ಕಣ್ಣನ್ನು ಬಿಟ್ಟು ನನ್ನ ಕೋಳಿಯನ್ನು ನಂಬಿದ್ದಳಲ್ಲ, ಆ ಸಂಕಟ ತಡೆಯಲಾಗಲಿಲ್ಲ.

ಅತ್ತೆ ಹೊರಗೆ ಬಂದಳು. ನನ್ನನ್ನು ಸಮಾಧಾನ ಮಾಡುವ ಗೋಜಿಗೆ ಹೋಗದೆ ಲಕ್ಷ್ಮೀದೇವಮ್ಮನವರ ಬಾಗಿಲಿಗೆ ಹೋಗಿ, ಅಲ್ಲಿಯ ನೀರಿನಲ್ಲಿ ಕೈಕಾಲು ಅದ್ದಿ ಒಳಗೆ ಹೋದಳು. ಎರಡು ದಿನ ಇಬ್ಬರೂ ಕೂತು ದೊಡ್ಡ ಹುಳುವನ್ನೂ ಸಣ್ಣ ಹುಳುವನ್ನೂ ಬೇರೆಬೇರೆ ಮಾಡಿದರು. ಮಿಕ್ಕ ಮನೆಗಳಲ್ಲೂ ಹಾಗೇ ಮಾಡಿಕೊಂಡರು. ಯಾರ ಬೆಳೆಯೂ ಕೈಬಿಟ್ಟು ಹೋಗಲಿಲ್ಲ. ಒಂದೇ ಸಲ ಗೂಡಾಗುವ ಬದಲು ಎರಡು ಕಂತಿನಲ್ಲಿ ಆಯಿತು, ಮಾರುಕಟ್ಟೆಗೆ ಎರಡು ಸಲ ಅಲೆಯಬೇಕಾಯಿತು. ಪ್ರತಿ ಸಲವೂ ಲಕ್ಷ್ಮೀದೇವಮ್ಮ ದಾರಿಯಲ್ಲಿ ನನ್ನ ಅಂಗಡಿಯ ಕೆಳಗೆ ನಿಂತು ಮೇಲಕ್ಕೆ ನೋಡಿ ನನ್ನನ್ನು ಒಂದಿಷ್ಟು ಬೈದು ಹೋದರು.

ಅಪ್ಪನಿಗೆ ಎಲ್ಲ ತಿಳಿಯಿತು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದರೆ ಅವರು ನನ್ನ ಪಕ್ಕ ಬಂದು ಕೂತರು. "ಬೈದ್ರೆ ಬೈಸ್ಕೊಮ್ಮ. ಲಕ್ಷ್ಮೀದೇವಮ್ಮ ಬೇರೆಯೋಳಲ್ಲ. ನಮ್ಮಜ್ಜಿ ತವರಿನೋರ ಮೊಮ್ಮಗಳನ್ನ ಅವಳ ಚಿಕ್ಕಪ್ಪನಿಗೆ ಕೊಟ್ಟಿರೋದು. ನನ್ನನ್ನ ಅಣ್ಣ ಅಂತಾಳೆ. ನಮ್ಮೋರು ಬೈದಿದ್ದು ಬೈದಂಗಲ್ಲ." ಅಷ್ಟು ಹೇಳಿ ಎದ್ದವರು, ನನ್ನ ಅಂಕಪಟ್ಟಿಗಳನ್ನು ಒಂದು ಫೈಲಿಗೆ ಜೋಡಿಸತೊಡಗಿದರು. ನಾನೂ ಬೇಡ ಅನ್ನಲಿಲ್ಲ. ಸೋಮವಾರದ ಬಸ್ಸಿಗೆ ಮನಸ್ಸಿನಲ್ಲೇ ಹತ್ತಿ ಕೂತಿದ್ದೆ.

ಹೋಗುವ ಮೊದಲು ಅತ್ತೆಗೆ ಕೊಟ್ಟಿದ್ದ ಫೋನಿನಿಂದ ಪ್ರೋಗ್ರಾಮನ್ನು ಅಳಿಸಿಬಿಡೋಣ ಎಂದು ಅವಳ ಊರಿಗೆ ಹೋದೆ. ಬೆಳೆ ಮುಗಿದು ಹುಳುಮನೆ ಖಾಲಿಯಿತ್ತು. ಅಂದು ಮೊದಲ ಬಾರಿಗೆ ಒಳಗೆ ಕಾಲಿಟ್ಟೆ. ತೊಳೆದ ತಟ್ಟೆಗಳು ಗೋಡೆಗೆ ಒರಗಿದ್ದವು. ಅತ್ತೆ ಕಾಫಿ ಕೊಟ್ಟು ಕೇಳಿದಳು.

"ಯಾಕೆ ತೆಗೀತೀಯ?"

"ತಪ್ಪು ಹೇಳುತ್ತಲ್ಲ ಅತ್ತೆ."

"ಹೂಂ, ಹೇಳೋಕೆ ಹೋದ್ರೆ ತಪ್ಪಾಗುತ್ತೆ. ಹುಳದ ಮುಖ ನೋಡಿದ್ಯಾ ಅದು? ನೋಡಿರೋಳು ನಾನು. ನಾನೇ ಅದಕ್ಕೆ ಹೇಳ್ತೀನಪ್ಪ, ಇವತ್ತು ಜ್ವರಕ್ಕೆ ಹೋದ್ವು ಅಂತ. ಅಲ್ಲಿಂದ ಅದು ಎಣಿಸ್ಕೊಂಡು ಕೂತ್ಕೊಳ್ಲಿ. ನಂಗೆ ಮನೇಲಿ ಹತ್ತು ಕೆಲಸ, ಹೊಲದಲ್ಲಿ ಹತ್ತು ಕೆಲಸ, ಯಾವಾಗ ಹೋದ್ವು ಅನ್ನೋದೇ ಒಂದೊಂದ್ಸಲ ಮರೆತೋಗುತ್ತೆ. ಹೊತ್ತಾಯ್ತು ಅಂದಾಗ ಕರೀಲಿ. ಸೊಪ್ಪು ಹಾಕು ಅಂತ ಹೇಳ್ಬಾರ್ದು. ಹೋಗಿ ನೋಡು ಅಂತ ಹೇಳ್ಬೇಕು."

ನಾನು ಕಾಫಿ ಲೋಟ ಕೆಳಗಿಟ್ಟೆ. "ಅಂದ್ರೆ ನೀನು ಒಂದು ಬಟನ್ ಒತ್ಬೇಕು ಅತ್ತೆ."

"ಬಟನ್ ಯಾಕೇ? ಒಂದು ಮಿಸ್ಡ್ ಕಾಲ್ ಕೊಟ್ರೆ ಸಾಲ್ದಾ?"

ಆ ಕಾಲದಲ್ಲಿ ನಮ್ಮ ಕಡೆ ಜೀವನ ನಡೆಯುತ್ತಿದ್ದದ್ದೇ ಮಿಸ್ಡ್ ಕಾಲಿನ ಮೇಲೆ. ಬಸ್ಸಿಳಿದೆ ಅಂದರೆ ಒಂದು, ಹಾಲು ತಾ ಅಂದರೆ ಎರಡು. ಅದಕ್ಕೆ ಜಾವಾ ಬೇಡ, ಕನ್ನಡದ ಅಕ್ಷರ ಬೇಡ, ಓದುಬರಹವೂ ಬೇಡ. ಎಷ್ಟೇ ಹಳೆಯ ಫೋನಾದರೂ ಸಾಕು. ನಾನು ಪುಸ್ತಕ ಓದಿ, ಚಿತ್ರ ಬಿಡಿಸಿ, ಕೋಳಿ ಕೂಗಿಸಿ ಮುಟ್ಟಲಾಗದ್ದನ್ನು ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದೇ ಮಾತಿನಲ್ಲಿ ಮುಗಿಸಿದಳು.

ಮಹಾನವಮಿಯ ರಜೆಯಲ್ಲಿ ಅಂಗಡಿಯ ಬಾಗಿಲು ಎಳೆದುಕೊಂಡು ಹೊಸದಾಗಿ ಬರೆದೆ. ಚೈನಾ ಗಂಟಲಿನ ಆ ಫೋನನ್ನೇ ವಾಪಸ್ಸು ತಂದು ಕೇಬಲ್ಲಿನಿಂದ ಕಂಪ್ಯೂಟರಿಗೆ ಕಟ್ಟಿದೆ. ಹುಳು ಜ್ವರಕ್ಕೆ ಹೋದಾಗ ಅತ್ತೆ ತನ್ನ ಮನೆಯ ಫೋನಿನಿಂದ ಆ ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು, ಕಂಪ್ಯೂಟರು ಯಾರ ಕಾಲ್ ಎಂದು ಗುರುತಿಸಿ ಹೊತ್ತು ಬರೆದುಕೊಳ್ಳುತ್ತದೆ. ಹೋಗಿ ನೋಡುವ ಹೊತ್ತಾದಾಗ ಅದೇ ಅತ್ತೆಗೆ ತಿರುಗಿ ಮಿಸ್ಡ್ ಕಾಲ್ ಕೊಡುತ್ತದೆ. ಹುಳು ಎದ್ದಿದ್ದರೆ ಅತ್ತೆ ಇನ್ನೊಂದು ಕೊಡುತ್ತಾಳೆ, ಎದ್ದಿಲ್ಲವಾದರೆ ಸುಮ್ಮನಿರುತ್ತಾಳೆ, ಅದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯುತ್ತದೆ. ಎರಡೂ ಕಡೆ ಯಾರೂ ಫೋನ್ ಎತ್ತುವುದಿಲ್ಲ, ಯಾರೂ ಮಾತಾಡುವುದಿಲ್ಲ. ದಸರೆ ಮುಗಿದ ಆ ವಾರದಲ್ಲೇ ಅತ್ತೆಯ ಹೊಸ ಬೆಳೆಯ ಒಂದು ಜ್ವರ ಕಳೆಯಿತು. ಈ ಸಲ ಅತ್ತೆ ಅದರ ಮಾತು ಕೇಳಿದಳೋ ಇಲ್ಲವೋ ಎಂದು ಕೇಳಬೇಕಾಗಿ ಬರಲಿಲ್ಲ. ಅವಳ ಮಿಸ್ಡ್ ಕಾಲುಗಳು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ದಾಖಲಾಗುತ್ತಿದ್ದವು. ಅದನ್ನು ನೋಡುತ್ತಾ ಕೂತರೆ ಹೊಟ್ಟೆ ತುಂಬುತ್ತಿತ್ತು. ಆದರೆ ಅತ್ತೆ ಅತ್ತೆಯೇ, ಅಪ್ಪನ ತಂಗಿಯೇ. ಶನಿವಾರ ಬಂದೇಬಿಟ್ಟಿತು.

ಅಂದು ಅಪ್ಪ ನನ್ನ ಸರ್ಟಿಫಿಕೇಟುಗಳ ಝೆರಾಕ್ಸ್ ಮಾಡಿಸಲು ಫೈಲು ಹಿಡಿದು ಅಂಗಡಿಗೆ ಬಂದರು. ಮಗಳ ಅಂಗಡಿಯಲ್ಲೇ, ಮಗಳ ಅಂಗಡಿ ಮುಚ್ಚಿಸುವ ಕಾಗದಗಳ ಝೆರಾಕ್ಸ್. ನಾನು ಒಂದೊಂದೇ ಹಾಳೆ ಇಟ್ಟು ಒತ್ತುತ್ತಿದ್ದೆ. ಮೆಟ್ಟಿಲ ಮೇಲೆ ದಡದಡ ಸದ್ದು ಕೇಳಿತು. ಲಕ್ಷ್ಮೀದೇವಮ್ಮ! ಮಾರುಕಟ್ಟೆಯ ದಿನವಲ್ಲ, ಹಾಗಾದರೆ ಬೈಯಲೆಂದೇ ಬಸ್ಸು ಹತ್ತಿ ಬಂದಿದ್ದಾರೆ ಎಂದುಕೊಂಡೆ.

ಅವರು ಬ್ಲೌಸಿನಿಂದ ಟಾರ್ಚ್ ಇರುವ ಒಂದು ಪುಟ್ಟ ಫೋನು ತೆಗೆದು ಮೇಜಿನ ಮೇಲಿಟ್ಟರು. "ಮುನಿರತ್ನಕ್ಕನ ಮಿಸ್ಡ್ ಕಾಲ್ ಪ್ರೋಗ್ರಾಮು ನಂಗೂ ಬೇಕಮ್ಮ. ಆದ್ರೆ ಅವಳ ಹುಳದ್ದು ಬೇಡ, ನನ್ನ ಹುಳದ್ದು. ನಾನು ಹೇಳಿದ್ಮೇಲೆ ಎಣಿಸೋದು. ನಾಳೆ ಹುಳ ತರ್ತೀನಿ, ಇವತ್ತೇ ಹಾಕ್ಕೊಡು."

ನನ್ನ ಕೈ ಝೆರಾಕ್ಸ್ ಯಂತ್ರದ ಮೇಲೇ ನಿಂತಿತು. ಅವರಾಗಿ ಅವರೇ ಬಂದಿದ್ದರು. ನಾನು ಗೋಗರೆದಿರಲಿಲ್ಲ, ಗೋಗರೆಯುವ ಮುಖವೂ ನನಗಿರಲಿಲ್ಲ. ಆದರೆ ಅಜ್ಜಿಯ ತವರು, ಅದರ ಮೊಮ್ಮಗಳು, ಅವಳನ್ನು ಕೊಟ್ಟ ಚಿಕ್ಕಪ್ಪ, ಆ ಸರಪಳಿಯನ್ನು ಅಪ್ಪನೇ ಅಲ್ಲವೇ ನನಗೆ ಹೇಳಿಕೊಟ್ಟದ್ದು? ಅಪ್ಪನ ಕಡೆ ನೋಡಿದೆ. ಅಪ್ಪ ಲಕ್ಷ್ಮೀದೇವಮ್ಮನವರನ್ನು ನೋಡುತ್ತಿದ್ದರು, ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿದ್ದ ತಂಗಿಯ ಮಿಸ್ಡ್ ಕಾಲುಗಳನ್ನು ನೋಡಿದರು. ನಿಧಾನವಾಗಿ ಕನ್ನಡಕ ತೆಗೆದರು.

"ಸುಜಾತ, ಹಾಕ್ಕೊಡಮ್ಮ," ಅಂದರು. "ಇವರು ನಮಗೆ ಏನೂ ಆಗ್ಬೇಕಾಗಿಲ್ಲ."

ಬದುಕಿನಲ್ಲಿ ಒಂದೇ ಒಂದು ನೆಂಟಸ್ತಿಕೆಯನ್ನೂ ಕಳೆದುಕೊಳ್ಳದಿದ್ದ ಮನುಷ್ಯ ಅಂದು ನನಗೋಸ್ಕರ ಒಂದನ್ನು ಬಿಟ್ಟುಕೊಟ್ಟರು. ಫೈಲನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಅವರು ಮೆಟ್ಟಿಲ ಕಡೆ ತಿರುಗಿದರು.

ಲಕ್ಷ್ಮೀದೇವಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಏನಂದ್ರಿ ಅಣ್ಣಾ? ನಾನು ಏನೂ ಆಗ್ಬೇಕಾಗಿಲ್ವಾ? ನಮ್ಮ ಚಿಕ್ಕಪ್ಪನ ಮನೇಲಿ ಉಂಡು ಬಂದು ಈ ಮಾತಾ?"

ಅಪ್ಪ ತಿರುಗಿ ನೋಡದೆ ಸರಸರ ಇಳಿದುಹೋದರು. ಲಕ್ಷ್ಮೀದೇವಮ್ಮ ಆಮೇಲೆ ಮೂರು ಬೆಳೆ ಕಳೆಯುವವರೆಗೆ ಅಪ್ಪನ ಜೊತೆ ಮಾತು ಬಿಟ್ಟರು. ಮಿಸ್ಡ್ ಕಾಲ್ ಕೊಡುವುದನ್ನು ಮಾತ್ರ ಒಂದು ಜ್ವರಕ್ಕೂ ಬಿಡಲಿಲ್ಲ.